ನಾಪತ್ತೆ: ಸೊನ್ನೆ (ಕಂತು ೭)

ಆ ಕಡೆ ಯಾರೋ ಫೋನ್ ಎತ್ತಿದರು. ಮಾತಾಡಲಿಲ್ಲ.

ಸಾರ್ಜೆಂಟ್ ಅಕನಿಸಿ ಉಸಿರು ಬಿಗಿಹಿಡಿದು ನಿಂತಳು. ವಾರದಿಂದ ಈ ನಂಬರಿಗೆ ಹಚ್ಚುತ್ತಲೇ ಇದ್ದಳು. ರಿಂಗಾಗಿ ರಿಂಗಾಗಿ ತಾನಾಗೇ ಕಡಿದುಹೋಗುತ್ತಿದ್ದ ಫೋನು ಇವತ್ತು ಮೊದಲ ಸಲ ಬಾಯಿ ತೆರೆದಿತ್ತು. ಒಳಗಿನಿಂದ ಬರುತ್ತಿದ್ದದ್ದು ಬರೀ ಉಸಿರು. ಭಾರವಾದ, ದೊಡ್ಡ ಮೈಯ ಗಂಡಸಿನ ಉಸಿರು.

"ಹಲೋ? ಯಾರು? ಇದು ಮೆರೆಯಾ ಫೋನ್ ಅಲ್ವಾ?"

ಮೆರೆಯಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಚಾಪೆಯ ಮೇಲೆ ಮುದುಡಿ ಕೂತಿದ್ದ ಲುಸಿಯಾನಾ ಅಜ್ಜಿ ಕೈ ಚಾಚಿ ಫೋನು ಕಿತ್ತುಕೊಂಡಳು.

"ಮೆರೆಯಾ, ನಾನು ಕಣೇ, ನಿನ್ನ ಬುಬು. ಊಟ ಮಾಡಿದ್ಯೇನೇ? ಎಲ್ಲಿದ್ದೀ ಅಂತ ಒಂದು ಮಾತು ಹೇಳು, ನಾನೇ ಬರ್ತೀನಿ. ಬೈಯಲ್ಲ. ದೇವರಾಣೆ ಬೈಯಲ್ಲ. ಬಾಯಿ ಬಿಡೇ ತಾಯಿ..."

ಫೋನು ಕಡಿಯಿತು.

ಅಜ್ಜಿ ಅದನ್ನು ಇನ್ನೂ ಸ್ವಲ್ಪ ಹೊತ್ತು ಕಿವಿಗೇ ಒತ್ತಿಕೊಂಡಿದ್ದಳು. ಆಮೇಲೆ, ತುಂಬಿದ ಬಟ್ಟಲನ್ನು ಚೆಲ್ಲದಂತೆ ಕೊಡುವವಳ ಹಾಗೆ, ಎರಡೂ ಕೈಯಲ್ಲಿ ವಾಪಸ್ಸು ಕೊಟ್ಟಳು.

"ಅವಳಲ್ಲ," ಅಂದಳು. "ನನ್ನ ಮೊಮ್ಮಗಳು ಫೋನ್ ಎತ್ತಿದ್ರೆ ನಮಗೆ ಉಸಿರಾಡೋಕೂ ಬಿಡಲ್ಲ. ಅಷ್ಟು ಮಾತು."

ಸುವಾ ಬಂದರಿನ ಆ ಶೆಡ್ಡಿನ ತಗಡಿನ ಮೇಲೆ ಮಳೆ ಜಡಿಯುತ್ತಿತ್ತು. ಬಿರುಗಾಳಿಗೆ ಊರು ಕಳೆದುಕೊಂಡು ಬಂದವರು ಉದ್ದಕ್ಕೂ ಚಾಪೆ ಹಾಸಿಕೊಂಡು ಮಲಗಿದ್ದರು. ಉಳಿದ ಅಜ್ಜಿಯರನ್ನೆಲ್ಲ ಶಾಲೆಗಳ ತಂಗುದಾಣಕ್ಕೆ ಸಾಗಿಸಿಯಾಗಿತ್ತು. ಲುಸಿಯಾನಾ ಬುಬು ಮಾತ್ರ ಕದಲಿರಲಿಲ್ಲ. ದೋಣಿ ಬಂದರೆ ಇಲ್ಲಿಗೇ ಬರಬೇಕು ಎಂಬುದು ಅವಳ ಹಟ.

ಅಕನಿಸಿ ತನ್ನ ಫೋನಿನಲ್ಲಿ ಪರಿಹಾರ ಕೇಂದ್ರದ ಫಲಕ ತೆರೆದಳು. ಹೆಸರು ಒತ್ತಿದಳು.

ಮೆರೆಯಾ ತುಯಿಲಾ, ಊರು ನುಕುಮಾರಾ ದ್ವೀಪ. ಸ್ಥಿತಿ: ಸುರಕ್ಷಿತ. ಕೊನೆಯ ಸುಳಿವು: ಈಗಷ್ಟೇ.

ಮೆರೆಯಾಳನ್ನು ಬಿರುಗಾಳಿಯ ನಂತರ ಕಣ್ಣಾರೆ ಕಂಡವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ ಎಂಬುದು ನಿನ್ನೆಯಷ್ಟೇ ಖಚಿತವಾಗಿತ್ತು. ಇವತ್ತು ಯಾವನೋ ಫೋನ್ ಎತ್ತಿ ಉಸಿರುಬಿಟ್ಟ; ಫಲಕದ ಪಾಲಿಗೆ ಆ ಹುಡುಗಿ ಮತ್ತೆ ಜೀವಂತವಾದಳು.

"ಏನಂತೆ ಮಗಳೇ?" ಅಜ್ಜಿ ಕೇಳಿದಳು.

"ಸುರಕ್ಷಿತ ಅಂತಿದೆ ಬುಬು."

"ಹದಿನೈದು ದಿನದಿಂದ ಹಂಗೇ ಅಂತಿದೆ." ಅಜ್ಜಿ ಸಮುದ್ರದ ಕಡೆ ಮುಖ ತಿರುಗಿಸಿದಳು. "ನಾನು ಮುಂದಿನ ದೋಣಿಲಿದ್ದೆ. ತಿರುಗಿ ನೋಡ್ತಾನೇ ಇದ್ದೆ. ಅವಳು ಸಕಿಯುಸಾನ ಕೆಂಪು ದೋಣಿ ಹತ್ತಿದ್ದನ್ನ ಈ ಕಣ್ಣಲ್ಲೇ ನೋಡಿದೀನಿ. ಕೈ ಬೀಸಿದ್ಲು."

"ಸಕಿಯುಸಾ ಇಲ್ಲ ಅಂತಾನಲ್ಲ. ಕೆಂಪು ದೋಣಿ ಖಾಲಿ ಇತ್ತು, ಕಟ್ಟಿದ್ದಲ್ಲಿಂದ ಗಾಳಿಗೆ ಕೊಚ್ಚಿಹೋಯ್ತು ಅಂತಾನೆ."

"ಪಾಪ, ಆ ಗಡಿಬಿಡೀಲಿ ಮರೆತಿರಬೇಕು ಬಿಡು. ಎಷ್ಟು ಜನರನ್ನ ತಂದ! ನಮ್ಮೂರ ಮಗ ಅವನು. ಸುಳ್ಳು ಯಾಕೆ ಹೇಳ್ತಾನೆ?"

ಸಕಿಯುಸಾ ಎಂದರೆ ಈಗ ಊರಿಗೇ ದೊಡ್ಡವನು. ಅಲೆಗಳು ತೆಂಗಿನ ಮರದೆತ್ತರ ಏಳುತ್ತಿದ್ದಾಗ ದ್ವೀಪಕ್ಕೂ ದಡಕ್ಕೂ ದೋಣಿ ಓಡಿಸಿ ನೂರಾರು ಜನರನ್ನು ತಂದವನು. ರೇಡಿಯೋದಲ್ಲಿ ಅವನ ಹೆಸರು ಬಂದಿತ್ತು. ಹಿರಿಯರು ಅವನಿಗೆ ತಿಮಿಂಗಿಲದ ಹಲ್ಲು ಕೊಟ್ಟು ಗೌರವಿಸಿದ್ದರು. ಅಂಥವನ ಮಾತಿನ ಎದುರು ಒಬ್ಬ ಮುದುಕಿಯ ಕಣ್ಣು.

ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಮನಾಸಾನಿಗೆ "ಅಜ್ಜಿನ ನೋಡ್ಕೋ, ಏನಾದ್ರೂ ತಿನ್ನಿಸು" ಎಂದು ಹೇಳಿ, ಅವಳು ಮಳೆಗೆ ಇಳಿದಳು.

*

ಪರಿಹಾರ ಕೇಂದ್ರದ ಎಣಿಕೆ ಕೋಣೆ ಬಂದರಿಗೆ ತಾಗಿದ ವಾಲು ಬೇ ಬೀದಿಯಲ್ಲಿ, ಒಂದು ಹಳೆಯ ಗೋದಾಮಿನ ಮಹಡಿ ಮೇಲಿತ್ತು. ಒದ್ದೆ ರಟ್ಟಿನ ವಾಸನೆ. ಎದುರು ಗೋಡೆಗೆ ದೊಡ್ಡ ಪರದೆ. ಅದರಲ್ಲಿ ಆಳೆತ್ತರದ ಅಕ್ಷರ:

ನಾಪತ್ತೆ: ೦

ಅದರ ಕೆಳಗೆ, ಎಣಿಕೆಯ ಯಂತ್ರ ನೋಡಿಕೊಳ್ಳುವ ಎಪೆಲಿ ಒಬ್ಬನೇ ಕೂತು ಟೀಯಲ್ಲಿ ಬಿಸ್ಕತ್ತು ಅದ್ದುತ್ತಿದ್ದ. ಮೂವತ್ತರ ಆಸುಪಾಸು, ಕಡ್ಡಿಯಂಥ ಮೈ, ನಿದ್ದೆಯಿಲ್ಲದೆ ಕೆಂಪಗಾದ ಕಣ್ಣು. ಅಕನಿಸಿಯೂ ಅವನೂ ಒಂದೇ ಚರ್ಚಿನವರು. ಹಾಡಿನ ಗುಂಪಿನಲ್ಲಿ ಅವಳ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಚಿಕ್ಕಂದಿನಿಂದ ಅವಳನ್ನು ಅಕ್ಕ ಎಂದೇ ಕರೆದವನು.

"ಬಾ ಅಕ್ಕಾ. ಟೀ ಕುಡೀತೀಯಾ? ಪೂರ್ತಿ ನೆಂದ್ಬಿಟ್ಟಿದ್ದೀಯ."

"ಮೆರೆಯಾ ಫೋನನ್ನ ಇವತ್ತು ಯಾರೋ ಎತ್ತಿದ್ರು ಎಪೆಲಿ."

"ಹೌದಾ? ಒಳ್ಳೇದೇ ಆಯ್ತಲ್ಲ!"

"ಗಂಡಸು."

ಬಿಸ್ಕತ್ತು ಟೀಯೊಳಗೆ ಮುರಿದು ಬಿತ್ತು. ಅವನು ಬೆರಳಿನಿಂದ ಅದನ್ನು ಹುಡುಕತೊಡಗಿದ. "ಯಾರಾದ್ರೂ ಕದ್ದಿರಬೇಕು. ಸುವಾದಲ್ಲಿ ಫೋನ್ ಕದಿಯೋದು ಹೊಸದಾ?"

"ಕದ್ದವನು ಉಸಿರು ಬಿಟ್ರೆ ಕಳಕೊಂಡವಳು ಬದುಕಿದ್ದಾಳೆ ಅನ್ನೋದು ಯಾವ ಲೆಕ್ಕ ತಮ್ಮಾ? ನಾನು ಫೋನ್ ಇಡೋದರೊಳಗೆ ನಿನ್ನ ಫಲಕ ಸುರಕ್ಷಿತ ಅಂದ್ಬಿಡ್ತು."

"ಅದು ನಿಯಮ. ಯಂತ್ರ ಹಾಕೋದು, ನಾನಲ್ಲ."

"ನಿಯಮ ಮಾಡಿದ್ದು ಯಾರು?"

ಅಕನಿಸಿ ಕುರ್ಚಿ ಎಳೆದುಕೊಂಡು ಅವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಅವಳ ಒದ್ದೆ ಬೂಟಿನಿಂದ ನೀರು ಇಳಿದು ಅವನ ಚಪ್ಪಲಿಯ ತನಕ ಹರಿಯಿತು.

"ನನಗೆ ಕಂಪ್ಯೂಟರ್ ಗೊತ್ತಿಲ್ಲ. ಬುಬುಗೆ ಹೇಳೋ ಹಂಗೆ ಹೇಳು. ಆ ಸೊನ್ನೆ ಹೆಂಗೆ ಬಂತು?"

ಅವನು ಮೊದಲು ತಡೆದು ತಡೆದು, ಆಮೇಲೆ ಕಟ್ಟೆಯೊಡೆದ ಹಾಗೆ ಹೇಳಿದ. ಬಿರುಗಾಳಿ ನಿಂತ ದಿನ ಐದು ಕಡೆಯಿಂದ ಸುದ್ದಿ ಬರತೊಡಗಿತ್ತು. ದೋಣಿಯವರು, ತಂಗುದಾಣದವರು, ಆಸ್ಪತ್ರೆ, ಚರ್ಚು, ಕೊನೆಗೆ ಫೋನು. ಒಬ್ಬರದು ಒಬ್ಬರಿಗೆ ಹೊಂದುತ್ತಿರಲಿಲ್ಲ. ದೋಣಿಯವರು ತಲೆ ಎಣಿಸಿದ್ದರು, ಹೆಸರು ಕೇಳಿರಲಿಲ್ಲ. ಚರ್ಚಿನವರು ಅಪ್ಪನ ಹೆಸರಿನಿಂದ ಬರೆದರೆ, ತಂಗುದಾಣದವರು ಗಂಡನ ಹೆಸರಿನಿಂದ. ಆಸ್ಪತ್ರೆಯವರಿಗೆ ಗೊತ್ತಿದ್ದದ್ದು ವಯಸ್ಸು ಮತ್ತು ಗಾಯ. ಒಬ್ಬನೇ ಮನುಷ್ಯ ಒಂದು ಕಡೆ ಸತ್ತಿದ್ದ, ಇನ್ನೊಂದು ಕಡೆ ಅನ್ನ ತಿನ್ನುತ್ತಿದ್ದ.

"ನನಗೆ ಮೊದಲು ಇದ್ದ ಯೋಚನೆ ಬೇರೆ ಅಕ್ಕಾ. ಐದನ್ನೂ ಬೆರೆಸೋದೇ ಬೇಡ ಅಂದಿದ್ದೆ. ಅವರವರದು ಅವರವರ ಹತ್ರಾನೇ ಇರಲಿ. ಯಾರಾದ್ರೂ ಬಂದು ಒಬ್ಬರ ಹೆಸರು ಕೇಳಿದ್ರೆ ಐದೂ ಕಡೆ ವಿಚಾರಿಸಿ, ಯಾರು ಏನಂದ್ರು ಅಂತ ಪಕ್ಕಪಕ್ಕ ಇಡೋಣ. ಹೊಂದಲಿಲ್ಲ ಅಂದ್ರೆ ಹೊಂದಲಿಲ್ಲ ಅಂತಾನೇ ತೋರಿಸೋಣ ಅಂದೆ."

"ಮತ್ತೆ?"

"ನಿಧಾನ ಆಗುತ್ತೆ ಅಂದ್ರು ಮೇಲಿನೋರು. ಜಗಳ ಬೇಡ, ಒಂದು ಸಂಖ್ಯೆ ಕೊಡು, ಶುಕ್ರವಾರ ಸಮಾರಂಭ ಇದೆ ಅಂದ್ರು." ಅವನು ಪರದೆಯ ಕಡೆ ನೋಡದೆ ಕೈ ತೋರಿಸಿದ. "ಆಗ ಐದನ್ನೂ ಒಂದೇ ಪಾತ್ರೆಗೆ ಸುರಿದೆ. ಒಬ್ಬ ಮನುಷ್ಯ, ಒಂದು ಸಾಲು. ಸುದ್ದಿ ಎರಡು ಥರ ಇದ್ರೆ ಯಾವುದು ಕೊನೇದೋ ಅದೇ ನಿಜ."

"ಕೊನೇದೇ ಯಾಕೆ?"

"ಇನ್ನೇನು ಮಾಡಲಿ? ಪಾದ್ರಿ ಹೇಳಿದ್ದು ಹೆಚ್ಚು ನಿಜಾನಾ, ಡಾಕ್ಟರ್ ಹೇಳಿದ್ದು ಹೆಚ್ಚು ನಿಜಾನಾ ಅಂತ ತೀರ್ಮಾನ ಮಾಡೋಕೆ ನಾನ್ಯಾರು? ಕೊನೆಗೆ ಬಂದದ್ದು ಅಂದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ."

ತನಿಖೆಯಲ್ಲಿ ಅಕನಿಸಿಗೆ ಒಂದು ಅಭ್ಯಾಸವಿತ್ತು. ಕೇಳಿದ್ದನ್ನು ಮನಸ್ಸಿನಲ್ಲೇ ಒಬ್ಬ ಸಾಕ್ಷಿಯ ಮುಖಕ್ಕೆ ಅಂಟಿಸಿ ನೋಡುವುದು. ಪಾದ್ರಿ ಒಮ್ಮೆ ಬರೆದ, ಮುಗಿಯಿತು. ಡಾಕ್ಟರ್ ಒಮ್ಮೆ ಬರೆದ, ಮುಗಿಯಿತು. ಐವರಲ್ಲಿ ಒಬ್ಬನಿಗೆ ಮಾತ್ರ ದಣಿವಿಲ್ಲ. ಅವನು ಹಗಲೂ ರಾತ್ರಿ ಅದನ್ನೇ ಹೇಳುತ್ತಿರುತ್ತಾನೆ.

"ಅಂದ್ರೆ ಯಾವಾಗ್ಲೂ ಫೋನೇ ಗೆಲ್ಲುತ್ತೆ," ಅಂದಳು.

"...ಹೂಂ."

"ಲುಸಿಯಾನಾ ಬುಬು ಕಣ್ಣಾರೆ ನೋಡಿದ್ದು? ಅದು ಆ ಐದರಲ್ಲಿ ಎಲ್ಲಿದೆ?"

"ಅದಕ್ಕೆ ಜಾಗ ಇಲ್ಲ ಅಕ್ಕಾ." ಅವನ ದನಿ ಇಳಿಯಿತು. "ಯಾರ ಅಜ್ಜಿ ಏನು ನೋಡಿದ್ರು ಅನ್ನೋದಕ್ಕೆಲ್ಲ ಜಾಗ ಮಾಡಿರಲಿಲ್ಲ."

ಅವನು ಮೆರೆಯಾಳ ಸಾಲು ತೆರೆದ. ಅದರ ಕೆಳಗೆ ಇನ್ನೂ ಎಂಟು ಹೆಸರು ನೇತಾಡುತ್ತಿದ್ದವು. ಒಂದು ವಯಸ್ಸಾದ ಗಂಡ ಹೆಂಡತಿ. ಮೂವರು ಅಕ್ಕತಂಗಿಯರು. ಒಬ್ಬ ಮೀನುಗಾರ. ಒಬ್ಬ ತಾಯಿ, ಅವಳ ಮಗು. ಎಲ್ಲರ ಮುಂದೆಯೂ ಅದೇ ಮಾತು: ಸುರಕ್ಷಿತ, ಈಗಷ್ಟೇ.

"ಇವರ ಫೋನುಗಳೂ ಚಾಲೂ ಇವೆಯಾ?"

"ಇವರ ಹತ್ರ ಫೋನಿಲ್ಲ. ಮೆರೆಯಾ ಮೊದಲನೇ ದಿನ ಒಂದು ಸಂದೇಶ ಕಳಿಸಿದ್ಲು, ನಾವು ಇಷ್ಟು ಜನ ಜೊತೆಗಿದ್ದೀವಿ ಅಂತ, ಹೆಸರು ಸಮೇತ. ಜೊತೆಗಿದ್ದವರಿಗೆಲ್ಲ ಒಬ್ಬರ ಸ್ಥಿತಿನೇ ಹಾಕು ಅಂತ ನಿಯಮ..."

"ಮಗುಗೂ?"

"ಮಗುಗೂ."

ಒಂದು ಫೋನು. ಅದರ ಬಾಲ ಹಿಡಿದುಕೊಂಡು ಒಂಬತ್ತು ಜೀವ. ಉಳಿದ ಎಂಟು ಜನರ ಮನೆಯವರು ಬೇರೆ ಬೇರೆ ತಂಗುದಾಣಗಳಲ್ಲಿ ಕೂತು, ಫಲಕ ನೋಡಿ, ನಮ್ಮವರು ಇನ್ನೊಂದು ತಂಗುದಾಣದಲ್ಲಿ ಚೆನ್ನಾಗಿದ್ದಾರೆ ಎಂದು ಸಮಾಧಾನವಾಗಿದ್ದಾರೆ. ನಂಬದೆ ಕೂತದ್ದು ಒಬ್ಬ ಮುದುಕಿ ಮಾತ್ರ.

"ಬಿಚ್ಚು," ಅಂದಳು ಅಕನಿಸಿ.

"ಏನು?"

"ಪಾತ್ರೆಗೆ ಸುರಿದದ್ದನ್ನ ಮತ್ತೆ ಐದಾಗಿ ಬಿಚ್ಚು. ಆ ಸಂದೇಶಗಳನ್ನ ನಾನು ಓದಬೇಕು."

"ಆಗಲ್ಲ ಅಕ್ಕಾ. ಪಾತ್ರೆಗೆ ಬಂದದ್ದು ಯಾರು, ಯಾವಾಗ, ಅಷ್ಟೇ. ಸಂದೇಶ ಬಂತು ಅಂದ್ರೆ ಬದುಕಿದ್ದಾರೆ ಅಂತ ಲೆಕ್ಕ. ಹೆಸರು ಬಿಟ್ಟು ಒಳಗೆ ಬೇರೆ ಏನು ಬರೆದಿದ್ರು ಅಂತ ಯಂತ್ರ ನೋಡೋದೇ ಇಲ್ಲ. ಮೂಲದ್ದನ್ನೆಲ್ಲ ಅಳಿಸಿಬಿಟ್ಟಿದ್ದೀವಿ. ಜಾಗ ಸಾಲಲಿಲ್ಲ."

ಅವನು ಇದನ್ನು ಬಹಳ ಬೇಗ ಹೇಳಿದ. ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡು ಸವೆಸಿದ ಮಾತಿನ ಹಾಗಿತ್ತು.

"ಎಪೆಲಿ, ನಿನ್ನ ಮನೆಗೆ ನಾನು ಬಂದಿದೀನಿ. ಹತ್ತು ವರ್ಷದ ಹಿಂದಿನ ಕ್ರಿಸ್ಮಸ್ ಹಾಡಿನ ಹಾಳೆನೂ ಎಸೆಯೋನಲ್ಲ ನೀನು. ನಿಮ್ಮಮ್ಮ ಅದಕ್ಕೇ ಬೈತಿರ್ತಾಳೆ. ನೀನು ಮೂಲ ಅಳಿಸಿದೆ ಅಂದ್ರೆ ನಾನು ನಂಬಬೇಕಾ?"

ಅವನು ಅವಳನ್ನು ದಿಟ್ಟಿಸಿ ನೋಡಿದ. ಆಮೇಲೆ, ಸೋತ ಮನುಷ್ಯ ಬಾಗಿಲು ತೆರೆಯುವ ಹಾಗೆ, ಮೆಲ್ಲಗೆ ಕೀಲಿಗಳನ್ನು ಒತ್ತತೊಡಗಿದ.

*

ಪರದೆಯ ತುಂಬ ಸಂದೇಶಗಳು ಇಳಿದವು. ಬದುಕಿದ್ದರೆ ಈ ನಂಬರಿಗೆ ಒಂದು ಸಂದೇಶ ಕಳಿಸಿ ಎಂದು ರೇಡಿಯೋದಲ್ಲಿ ಸಾರಿದ್ದರು. ಸಾವಿರಾರು ಜನ ಕಳಿಸಿದ್ದರು. ಒಬ್ಬನಿಗೆ ಇನ್ಸುಲಿನ್ ಬೇಕಿತ್ತು. ಒಬ್ಬಳು ಗಂಡನನ್ನು ಕೇಳಿದ್ದಳು. ಯಾರೋ ಸುಮ್ಮನೆ ಒಂದು ಸ್ತೋತ್ರ ಬರೆದಿದ್ದರು. ಎಲ್ಲವನ್ನೂ ಯಂತ್ರ ಒಂದೇ ಮಾತಿಗೆ ಅರೆದುಬಿಟ್ಟಿತ್ತು: ಸುರಕ್ಷಿತ.

"ಮೆರೆಯಾದು," ಅಂದಳು ಅಕನಿಸಿ.

ಎಪೆಲಿ ಹೆಸರು ಹಾಕಿದ. ಆರೇಳು ಸಂದೇಶ ಒಂದರ ಕೆಳಗೊಂದು ಬಂದು ನಿಂತವು. ಅವನು ಕುರ್ಚಿ ಹಿಂದೆ ಸರಿಸಿ ಕಿಟಕಿಯ ಕಡೆ ತಿರುಗಿದ.

'ನಾವು ಒಂಬತ್ತು ಜನ ಸಕಿಯುಸಾ ಅಣ್ಣನ ಕೆಂಪು ದೋಣಿ ಹತ್ತಿದ್ದೀವಿ. ಬುಬು ಮುಂದಿನ ದೋಣಿಲಿದ್ದಾಳೆ. ನಮ್ಮೆಲ್ಲರ ಹೆಸರು ಕೆಳಗೆ ಹಾಕಿದ್ದೀನಿ.'

'ದೋಣಿ ಬಂಡೆಗೆ ಬಡಿದು ಒಡೆದುಹೋಯ್ತು. ಹವಳದ ದಿಬ್ಬದ ಮೇಲಿದ್ದೀವಿ. ಎಲ್ಲರೂ ಇದ್ದೀವಿ. ಅಣ್ಣ ಸಣ್ಣ ತೆಪ್ಪ ತಗೊಂಡು ಸಹಾಯ ತರೋಕೆ ಹೋಗಿದ್ದಾರೆ. ಕಾಲ್ ಹೋಗ್ತಿಲ್ಲ, ಸಂದೇಶ ಮಾತ್ರ ಹೋಗ್ತಿದೆ.'

'ಅಣ್ಣ ತಲುಪಿದ್ರಾ? ಅವರಿಗೇನಾದ್ರೂ ಆಯ್ತಾ? ದಯವಿಟ್ಟು ನೋಡಿ.'

'ನೀರು ಖಾಲಿ ಆಯ್ತು. ಮಳೆ ನೀರು ಬಟ್ಟೇಲಿ ಹಿಂಡಿ ಮಗುಗೆ ಕೊಡ್ತಿದ್ದೀವಿ. ಬ್ಯಾಟರಿ ಉಳಿಸೋಕೆ ದಿನಕ್ಕೆ ಒಂದೇ ಸಲ ಫೋನ್ ಹಾಕ್ತೀನಿ.'

'ಅಜ್ಜ ಹೋಗ್ಬಿಟ್ರು. ಇಲ್ಲಿ ಮಣ್ಣಿಲ್ಲ, ಕಲ್ಲು ಮುಚ್ಚಿದ್ದೀವಿ. ಯಾರಾದ್ರೂ ಓದ್ತಿದ್ದೀರಾ?'

ಅಕನಿಸಿ ಆ ಕೊನೆಯ ಎರಡು ಪದ ದಾಟಿ ಮುಂದೆ ಹೋಗಲಾರದೆ ನಿಂತಳು. ಕಳ್ಳರು, ಕೊಲೆಗಾರರು, ಕಡಲಿಂದ ಎಳೆದು ತಂದ ಹೆಣಗಳು, ಇಪ್ಪತ್ತು ವರ್ಷದಲ್ಲಿ ಎಲ್ಲ ನೋಡಿದ್ದಳು. ಅಳು ಮರೆತೇಹೋಗಿದೆ ಎಂದುಕೊಂಡಿದ್ದಳು. ಈಗ ಪರದೆಯ ಅಕ್ಷರಗಳು ಕಣ್ಣೀರಲ್ಲಿ ಕಲಸಿಹೋದವು.

ಆ ಹುಡುಗಿ ನೀರು ಕೇಳಿದಾಗಲೆಲ್ಲ ಇಲ್ಲಿ ಈ ಗೋಡೆಯ ಮೇಲೆ ಅವಳು ಇನ್ನಷ್ಟು ಸುರಕ್ಷಿತವಾಗುತ್ತಿದ್ದಳು. ಅಜ್ಜ ಸತ್ತ ಸುದ್ದಿಯಿಂದ ಅಜ್ಜನೂ ಬದುಕಿದ್ದಾನೆ ಎಂದಾಗಿತ್ತು.

"ಇಸಾ..." ಅಯ್ಯೋ ಎಂಬಂತೆ ಅವಳ ಬಾಯಿಂದ ನಿಟ್ಟುಸಿರು ಹೊರಟಿತು. "ಯಾರೂ ಓದಲಿಲ್ಲವೇನೋ ಇದನ್ನ?"

"ಇಲ್ಲ ಅಕ್ಕಾ," ಎಪೆಲಿ ಕಿಟಕಿಗೇ ಹೇಳಿದ. "ಸಾವಿರಾರು ಇದ್ವು. ಯಾರೂ ಓದಲಿಲ್ಲ."

ಅಕನಿಸಿ ಕಣ್ಣೊರೆಸಿಕೊಂಡು ಪರದೆಗೆ ಇನ್ನೊಮ್ಮೆ ಬಗ್ಗಿದಳು. ಅಲ್ಲಿ ಏನೋ ಕಣ್ಣಿಗೆ ಚುಚ್ಚುತ್ತಿತ್ತು. ಅವಳು ಹಿಂದಕ್ಕೆ ಹೋಗಿ ಬೇರೆಯವರ ಸಂದೇಶಗಳನ್ನು ನೋಡಿದಳು. ಇನ್ಸುಲಿನ್ ಕೇಳಿದವನದು, ಗಂಡನನ್ನು ಕೇಳಿದವಳದು, ಸ್ತೋತ್ರದವರದು. ಮತ್ತೆ ಮೆರೆಯಾಳ ಸಂದೇಶಕ್ಕೆ ಬಂದಳು.

"ಎಪೆಲಿ, ಬೇರೆಯವರದೆಲ್ಲ ದಪ್ಪ ಅಕ್ಷರದಲ್ಲಿವೆ."

ಅವನು ತಿರುಗಲಿಲ್ಲ.

"ನನ್ನ ಫೋನಲ್ಲೂ ಹಂಗೇ. ತೆರೆದು ಓದೋ ತನಕ ದಪ್ಪ. ಓದಿದ ಮೇಲೆ ತೆಳ್ಳಗಾಗುತ್ತೆ." ಅವಳ ದನಿ ತೀರಾ ಮೆತ್ತಗಿತ್ತು. "ಈ ಹುಡುಗೀದು ಮಾತ್ರ ತೆಳ್ಳಗಿದೆ. ಎಲ್ಲಾನೂ."

ಅವಳು ಪರದೆ ಬಿಟ್ಟು ಅವನ ಕಡೆ ತಿರುಗಿದಳು.

"ಯಾವಾಗ ಓದಿದೆ?"

"ಅಕ್ಕಾ..."

"ಯಾವಾಗ ಓದಿದೆ ಅಂತ ಕೇಳ್ದೆ."

ಎಪೆಲಿ ನೆಲಕ್ಕೆ ಕುಸಿದು ಗೋಡೆಗೆ ಬೆನ್ನು ಕೊಟ್ಟು ಕೂತ. ಸರಿಯಾಗಿ ಆ ದೊಡ್ಡ ಸೊನ್ನೆಯ ಕೆಳಗೆ.

"ಶುಕ್ರವಾರ. ಸಮಾರಂಭದ ದಿನ ಬೆಳಗ್ಗೆ. ಸುಮ್ಮನೆ, ಒಂದು ಹೆಸರು ತೆಗೆದು ಎಲ್ಲಾ ಸರಿ ಇದೆಯಾ ಅಂತ ನೋಡೋಣ ಅಂತ ತೆಗೆದೆ. ಅದೇ ಸಿಕ್ತು." ಅವನು ಮುಖ ಮುಚ್ಚಿಕೊಂಡ. "ಕೆಳಗೆ ಅಂಗಳದಲ್ಲಿ ಶಾಮಿಯಾನ ಹಾಕಿದ್ರು. ಸೊನ್ನೆ ಅಂತ ಆಗಲೇ ಹೇಳಿಬಿಟ್ಟಿದ್ರು. ಜನ ಅಳ್ತಿದ್ರು, ಖುಷಿಗೆ. ಅವರ ನಡುವೆ ಹೋಗಿ ಇಲ್ಲ, ಒಂಬತ್ತು ಅನ್ನೋಕೆ... ನನ್ನ ಕಾಲೇ ಬರಲಿಲ್ಲ ಅಕ್ಕಾ."

"ಅದಕ್ಕೆ?"

"ಸಕಿಯುಸಾ ಅಣ್ಣ ಅಲ್ಲೇ ಇದ್ರು. ಹಿರಿಯರು ಹಲ್ಲು ಕೊಟ್ಟು ಗೌರವಿಸ್ತಿದ್ರು. ಗೌರವದ ಯಂಗೋನಾ ಪಾನೀಯ ಕುಡಿದು ಎದ್ದ ಮೇಲೆ ಮೂಲೆಗೆ ಕರೆದು ಫೋನಲ್ಲಿ ಇದನ್ನ ತೋರಿಸಿದೆ."

ಅಕನಿಸಿ ಕಣ್ಣು ಮುಚ್ಚಿದಳು. "ಅವನಿಗೇ ತೋರಿಸಿದೆ."

"ಅವರು ಸಹಾಯ ತರ್ತೀನಿ ಅಂತ ಬಂದವರು. ಬಂದು ಸುಸ್ತಾಗಿ ಬಿದ್ದಿದ್ರಂತೆ. ಎದ್ದಾಗ ಜನ ಹೊತ್ತು ಮೆರೆಸ್ತಿದ್ರಂತೆ. ನಾಳೆ ಹೇಳೋಣ, ನಾಳೆ ಹೋಗಿ ತರೋಣ ಅಂತ ದಿನ ಹೋಯ್ತು ಅಂದ್ರು. ಅತ್ತುಬಿಟ್ರು ಅಕ್ಕಾ, ಅಷ್ಟು ದೊಡ್ಡ ಮನುಷ್ಯ. 'ನಾನೇ ಬಿಟ್ಟು ಬಂದದ್ದು, ನಾನೇ ತರ್ತೀನಿ, ಒಂದೇ ಒಂದು ದಿನ ಕೊಡು ತಮ್ಮಾ, ನನ್ನ ಮಾನ ಉಳಿಸು' ಅಂದ್ರು. ಮತ್ತೆ ಕೇಳಿದ್ರು, ಫಲಕದಲ್ಲಿ ಯಾಕೆ ಸುರಕ್ಷಿತ ಅಂತಿದೆ ಅಂತ. ಫೋನು ಚಾಲೂ ಇದ್ರೆ ಸಾಕು, ಹಂಗೇ ಬರುತ್ತೆ ಅಂದೆ. ಅದರಲ್ಲಿ ಗುಟ್ಟೇನಿದೆ ಅಂದ್ಕೊಂಡೆ."

"ಆಮೇಲೆ?"

"ಮರುದಿನ ಸಂಜೆ ಹೇಳಿದ್ರು, ಎಲ್ಲರನ್ನೂ ತಂದೆ, ಅವರವರ ನೆಂಟರ ಮನೆಗೆ ಬಿಟ್ಟೆ ಅಂತ. ಅಜ್ಜ ಒಬ್ಬರು ತೀರಿಕೊಂಡ್ರು, ಅದನ್ನ ಮೆಲ್ಲಗೆ ಮನೆಯವರಿಗೆ ತಿಳಿಸ್ತೀನಿ ಅಂದ್ರು."

"ನೀನು ನೋಡಿದ್ಯಾ? ಒಬ್ಬರನ್ನಾದ್ರೂ?"

"ಫೋನ್ ಸುವಾದಲ್ಲಿ ಚಾಲೂ ಆಗಿತ್ತು!" ಎಪೆಲಿ ತಲೆಯೆತ್ತಿದ. ಕಣ್ಣಲ್ಲಿ ಇನ್ನೂ ಒಂದು ಎಳೆ ಆಸೆ ಇತ್ತು, ಅದನ್ನು ನೋಡುವುದೇ ಕಷ್ಟವಾಗಿತ್ತು. "ಅವರು ತಂದೆ ಅಂದ್ರು. ಫೋನೂ ಇಲ್ಲಿಗೆ ಬಂದಿದೆ ಅಂತು. ಎರಡು ಬೇರೆ ಬೇರೆ ಕಡೆಯಿಂದ ಒಂದೇ ಸುದ್ದಿ ಬಂದ್ರೆ ಅದು ನಿಜ ತಾನೇ? ಹಂಗೇ ತಾನೇ ನಮಗೆ ಕಲಿಸಿದ್ದು?"

"ಎರಡು ಕಡೆ ಎಲ್ಲಿ ಬಂತು ಎಪೆಲಿ?" ಅಕನಿಸಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಬಾಯಿ ಅವನದು. ಫೋನೂ ಅವನ ಕೈಲೇ ಇತ್ತು. ಒಬ್ಬನೇ ಎರಡು ಸಲ ಹೇಳಿದ್ದು, ಅಷ್ಟೇ."

ಆ ಮಾತು ಅವನೊಳಗೆ ಇಳಿಯುವುದನ್ನು ಅವಳು ನೋಡಿದಳು. ಮುಖದ ಬಣ್ಣ ಹಣೆಯಿಂದ ಕೆಳಕ್ಕೆ ಬಸಿದುಹೋಯಿತು.

"ಆದ್ರೆ ಕೊನೇ ಸಂದೇಶ ಇದೆಯಲ್ಲ ಅಕ್ಕಾ," ಅವನು ತೊದಲಿದ. "ಅದನ್ನ ನೋಡಿದ ಮೇಲೇ ನಾನು ನಂಬಿದ್ದು. ಆ ದಿನ ಮೊದಲ ಸಲ ನಿದ್ದೆ ಮಾಡಿದೆ."

ಅಕನಿಸಿ ಎದ್ದು ಪರದೆಯ ತಳಕ್ಕೆ ಹೋದಳು. ಶನಿವಾರ ಮಧ್ಯಾಹ್ನದ್ದು.

'ದೋಣಿ ಕಾಣ್ತಿದೆ! ಸಕಿಯುಸಾ ಅಣ್ಣಾನೇ. ಒಬ್ಬರೇ ಬರ್ತಿದ್ದಾರೆ. ಮಗು ಎದ್ದು ಕೂತ್ಕೊಂಡಿದೆ. ಬಂದರಲ್ಲಿ ನಮ್ಮ ಬುಬು ಕಾಯ್ತಿರ್ತಾಳೆ, ಲುಸಿಯಾನಾ ಅಂತ, ಅವಳಿಗೆ ಹೇಳಿ.'

ಅದಾದ ಮೇಲೆ ಏನೂ ಇಲ್ಲ. ಖಾಲಿ ಪರದೆ.

ಅವನು ಹೋದ. ಅವರು ಅವನನ್ನು ನೋಡಿ ಕೈ ಬೀಸಿದರು. ಫೋನು ಅವನ ಜೊತೆ ಬಂತು. ಅವರು ಬರಲಿಲ್ಲ. ಅವರು ಬಂದಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು, ಬಿರುಗಾಳಿಯ ಗಂಡು ಒಂಬತ್ತು ಜನರನ್ನು ಕಲ್ಲಿನ ಮೇಲೆ ಬಿಟ್ಟು ಬಂದು ಸನ್ಮಾನ ಮಾಡಿಸಿಕೊಂಡ ಅಂತ. ಬಾಯಿ ಬಿಡಬಲ್ಲ ಎಂಟು ಜೀವ ಉಳಿದಿದ್ದವು. ಅವರೆಲ್ಲಿದ್ದಾರೆಂದು ಹುಡುಕಿಕೊಂಡು ಹೋಗಲು ಯಾರಿಗೂ ಕಾರಣವಿರಲಿಲ್ಲ, ಫಲಕ ಅದನ್ನು ನೋಡಿಕೊಳ್ಳುತ್ತಿತ್ತು.

"ನಾನು ಅವರನ್ನ ಕೊಂದೆ," ಎಪೆಲಿ ಅಂದ. ಯಾರಿಗೂ ಕೇಳಿಸಲೆಂದು ಅಂದದ್ದಲ್ಲ.

ಅಕನಿಸಿಗೆ ಅವನನ್ನು ಹೊಡೆಯಬೇಕೆನಿಸಿತು. ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ದಿಬ್ಬದ ಮೇಲೆ ಇನ್ನೂ ಯಾರಾದ್ರೂ ಇರಬಹುದು," ಅಂದಳು. ತಾನು ಹೇಳಿದ್ದು ತನಗೇ ನಂಬಿಕೆ ಬರಲಿಲ್ಲ. ನೀರಿಲ್ಲದ ಕಲ್ಲು, ಶನಿವಾರದಿಂದ ಇವತ್ತಿಗೆ. "ಮೇಲೆದ್ದು ಆ ಸೊನ್ನೆ ಅಳಿಸು. ಒಂಬತ್ತು ಅಂತ ಹಾಕು. ಕೆಳಗೆ ಯಾರು ಏನು ಅಂದ್ರು ಅಂತ ಐದು ಕಡೇದೂ ಹಾಕು. ಆರನೇದಾಗಿ ಲುಸಿಯಾನಾ ಬುಬು ಹೆಸರು ಹಾಕಿ, ಅವಳು ನೋಡಿದ್ದನ್ನ ಬರಿ. ಯಾರನ್ನೂ ಕೇಳ್ಬೇಡ."

ಎಪೆಲಿ ಮೆಲ್ಲಗೆ ಎದ್ದು ಕುರ್ಚಿಗೆ ಬಂದ. ಅವಳು ಅಷ್ಟರಲ್ಲಿ ಬಂದರಿಗೆ ಫೋನ್ ಹಚ್ಚಿದ್ದಳು. ಮೊದಲು ಸಕಿಯುಸಾನನ್ನು ಹಿಡಿಯಬೇಕು. ಆಮೇಲೆ ಗಸ್ತು ದೋಣಿ. ಆಮೇಲೆ ಬುಬು. ಬುಬುಗೆ ಏನು ಹೇಳುವುದು, ಯಾವ ಮಾತಿನಿಂದ ಶುರುಮಾಡುವುದು ಎಂಬುದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

"ಮನಾಸಾ, ಸಕಿಯುಸಾ ಬಂದರಲ್ಲಿದ್ದಾನಾ?"

"ಇದ್ರು ಮೇಡಂ. ಈಗಷ್ಟೇ ಹೊರಟ್ರು, ದೋಣಿ ತಗೊಂಡು."

"ಈ ಮಳೇಲಾ? ಎಲ್ಲಿಗೆ?"

"ಹವಳದ ದಿಬ್ಬದ ಕಡೆ ಅಂದ್ರು. ನಾನೂ ಬೇಡ ಅಂದೆ. ಪರವಾಗಿಲ್ಲ, ಬೇಗ ಬರ್ತೀವಿ ಅಂದ್ರು."

ಅಕನಿಸಿಯ ಕೈ ಮೇಜಿನ ಅಂಚನ್ನು ಹಿಡಿಯಿತು. "ಬರ್ತೀವಿ ಅಂದ್ನಾ? ಜೊತೇಲಿ ಯಾರು?"

"ಅದೇ, ನಮ್ಮ ಅಜ್ಜಿ. ಲುಸಿಯಾನಾ ಬುಬು." ಮನಾಸಾನ ದನಿಯಲ್ಲಿ ನಗುವಿತ್ತು. "ನಿಮಗೆ ಹೇಳೋಣ ಅಂತಲೇ ಇದ್ದೆ. ಮೊಮ್ಮಗಳು ಸಿಕ್ಕಿದ್ಲಂತೆ ಮೇಡಂ! ನೀವು ಫೋನ್ ಮಾಡಿದಾಗ ಅಜ್ಜಿ ಮಾತಾಡಿದ್ದನ್ನ ಕೇಳಿಸ್ಕೊಂಡು ಸಕಿಯುಸಾ ಅಣ್ಣಂಗೆ ಮನಸ್ಸು ತಡೀಲಿಲ್ವಂತೆ, ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ ಅಂದ್ರು. ಅಜ್ಜಿಗೆ ಕಾಲು ಬರಲ್ಲ ಅಂತ ಅವರೇ ಎತ್ತಿ ದೋಣೀಲಿ ಕೂರಿಸಿದ್ರು. ಸಕಿಯುಸಾನ ಬಿಟ್ಟು ಇನ್ಯಾರು ಹುಡುಕಿಕೊಡ್ತಿದ್ರು ಅಂತ ಅಜ್ಜಿ ಶೆಡ್ಡಿಗೆಲ್ಲ ಹೇಳ್ತಾ ಹೋದ್ರು, ಪಾಪ, ಅಷ್ಟು ಖುಷಿ."